ಪಾಂಡವಪುರದ ಸೈಟು

ಬಾವಿಗಳಿಗೆ ಮಾತು ಬರುತ್ತಿದ್ದ ಕಾಲ. ಬೇಸರವಾದಾಗ ಕಾಡು ಎದ್ದು ಊರೊಳಗೆ ಬಂದು, ಯಾರದಾದರೂ ಜಗಲಿಯ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು ಹೋಗುತ್ತಿದ್ದ ಕಾಲ. ಆಗ ಒಂದೂರಿನಲ್ಲಿ ದೊಡ್ಡಮನೆಯ ಗೌಡನೊಬ್ಬ ಇದ್ದನಂತೆ. ಅವನ ಮಗಳಿಗೆ ಒಂದು ಸಲ ಎಂಥಾ ದಾಹ ಹತ್ತಿತೆಂದರೆ, ಹಂಡೆಯ ನೀರು ಮುಗಿಯಿತು, ಹಿತ್ತಿಲ ಬಾವಿ ಮುಗಿಯಿತು, ಮಗಳ ದಾಹ ಮುಗಿಯಲಿಲ್ಲ. ಗೌಡ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಡು ಹೊಕ್ಕ. ಮುಳ್ಳುಪೊದೆಗಳ ಹಿಂದೆ ಯಾರ ಕಣ್ಣಿಗೂ ಬೀಳದ ಒಂದು ಬಾವಿ. ಅದರ ಕಟ್ಟೆಯ ಮೇಲೆ ಒಬ್ಬ ಮುದುಕ. ಬೇಕಾದಷ್ಟು ಕುಡಿಯಿರಿ, ನನಗೇನೂ ಕೊಡಬೇಡಿ ಎಂದನಂತೆ ಮುದುಕ. ಬಾಯಾರಿದವರು ಇನ್ನೊಬ್ಬರು ಸಿಕ್ಕರೆ ಕೈಹಿಡಿದು ಈ ದಾರಿ ತೋರಿಸಿ, ಅಷ್ಟು ಸಾಕು ಎಂದನಂತೆ. ಮಗಳು ಕುಡಿದಳು. ಗೌಡ ಮಾತು ಕೊಟ್ಟು, ಮೀಸೆ ಒರೆಸಿಕೊಂಡು ಊರಿಗೆ ಬಂದ. ನೀರು ಎಲ್ಲಿ ಸಿಕ್ಕಿತು ಎಂದು ಕೇಳಿದವರಿಗೆಲ್ಲ, ನಮ್ಮ ಹಿತ್ತಿಲಲ್ಲೇ ಒಂದು ಊಟೆ ಇತ್ತಲ್ಲ ಎಂದುಬಿಟ್ಟನಂತೆ.

"ಆಮೇಲೆ?" ಎಂದವು ಮಕ್ಕಳು.

ಬೈರಮ್ಮ ದಂಟಿನಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಆಮೇಲಿಂದು ಇನ್ನೂ ಆಗಿಲ್ಲ ಕಣ್ರಪ್ಪ. ಆ ಗೌಡ ಇನ್ನೂ ಸುಮ್ಕೆ ಕುಂತವ್ನೆ. ಅವ್ನು ಎದ್ದಾಗ ಹೇಳ್ತೀನಿ."

ಜಗಲಿಯ ಇನ್ನೊಂದು ತುದಿಯಲ್ಲಿ ಹಾಲಿನ ಕ್ಯಾನು ತೊಳೆದು ಬೋರಲು ಹಾಕುತ್ತಿದ್ದ ಚಿಕ್ಕಸ್ವಾಮಿಗೆ ಅವ್ವನ ಮಾತು ಕೇಳಿಸಿತು. ಕೇಳಿಸದವನ ಹಾಗೆ ತೊಳೆದ ಕ್ಯಾನನ್ನೇ ಮತ್ತೊಮ್ಮೆ ತೊಳೆದ. ಕತೆ ಕೇಳುತ್ತಿದ್ದವರು ಅವನ ತಮ್ಮ ರವೀಂದ್ರನ ಮಕ್ಕಳು. ಅವಕ್ಕೆ ಅದು ಬರೀ ಕತೆ. ಆದರೆ ಈಚೆಗೆ ಬೈರಮ್ಮ ಈ ಕತೆಯನ್ನು ಮಗನ ಕಿವಿಗೆ ಬೀಳುವಾಗ ಮಾತ್ರ ಹೇಳುತ್ತಿದ್ದಳು.

ಬೂಕನಕೆರೆಯ ಮಗ್ಗುಲಿನ ಆ ಊರಿನಲ್ಲಿ ಚಿಕ್ಕಸ್ವಾಮಿಯ ಮನೆಗೆ ಈಗಲೂ ದೊಡ್ಡಮನೆ ಎಂದೇ ಹೆಸರು. ಹೆಸರು ದೊಡ್ಡದಾಗಿಯೇ ಉಳಿದು, ಜಮೀನು ಪಾಲಾಗುತ್ತಾ ಪಾಲಾಗುತ್ತಾ ಒಂದಿಷ್ಟು ನಾಲೆ ನೀರಿನ ಗದ್ದೆಯಾಗಿತ್ತು. ಮಿಕ್ಕ ಸಂಸಾರವನ್ನು ಕೊಟ್ಟಿಗೆಯ ಹಸುಗಳು ಎಳೆಯುತ್ತಿದ್ದವು. ಮನೆಯ ನಡವಳಿಕೆ ಮಾತ್ರ ಹಳೆಯದೇ. ಯಾರಾದರೂ ಮದುವೆಗೆ ಮುಯ್ಯಿ ಮಾಡಿದರೆ, ಅವರ ಮನೆಯ ಮದುವೆಗೆ ಅದಕ್ಕಿಂತ ಒಂದು ಕೈ ಹೆಚ್ಚಾಗಿಯೇ ತಿರುಗಿ ಕೊಡಬೇಕು. ಯಾರಾದರೂ ನಾಟಿಗೆ ಮುಯ್ಯಾಳಾಗಿ ಬಂದು ಬೆನ್ನು ಬಗ್ಗಿಸಿದರೆ, ಅವರ ಗದ್ದೆಯಲ್ಲಿ ಹೋಗಿ ಅಷ್ಟೇ ಹೊತ್ತು ಬೆನ್ನು ಬಗ್ಗಿಸಿ ಬರಬೇಕು. ತೆಗೆದುಕೊಂಡದ್ದನ್ನು ತಿರುಗಿಸದೆ ಇಟ್ಟುಕೊಂಡ ಮನೆ ಎಂಬ ಮಾತು ದೊಡ್ಡಮನೆಗೆ ಯಾವತ್ತೂ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ಮಗಳು ತನುಶ್ರೀಗೆ ನಾಗಮಂಗಲದ ಕಡೆಯ ಒಂದು ಕಾಲೇಜಿನಲ್ಲಿ ಡಾಕ್ಟರು ಓದುವ ಸೀಟು ಸಿಕ್ಕಿತು. ಸರ್ಕಾರಿ ಕೋಟಾದ ಸೀಟಾದರೂ ಫೀಸು ಕೊಟ್ಟಿಗೆಯ ಹಸುಗಳಿಗೆ ನಿಲುಕುವಂಥದ್ದಾಗಿರಲಿಲ್ಲ. ಸೀಟು ಬಿಡುವುದೆಂದು ತೀರ್ಮಾನವಾದ ದಿನ, ಪಿಯುಸಿಯಲ್ಲಿ ತನುಶ್ರೀಗೆ ಪಾಠ ಹೇಳಿದ್ದ ಸುದರ್ಶನ್ ಮೇಷ್ಟರು ಅಪ್ಪ ಮಗಳನ್ನು ಶ್ರೀರಂಗಪಟ್ಟಣದ ಜಯರಾಮಯ್ಯನವರ ಮನೆಗೆ ಕಳಿಸಿದರು. ಜಯರಾಮಯ್ಯ ನಿವೃತ್ತ ಮೇಷ್ಟರು. ಅವರ ಹಳೆಯ ಶಿಷ್ಯರಲ್ಲಿ ಡಾಕ್ಟರಾದವರೆಲ್ಲ ಸೇರಿ ಕೂಡಿಸಿದ ಒಂದು ನಿಧಿ ಇತ್ತು; ಡಾಕ್ಟರು ಓದುವ ಮಕ್ಕಳಿಗೆ ಅದರಿಂದ ಸ್ಕಾಲರ್‌ಶಿಪ್. ಓದು ಮುಗಿಯುವವರೆಗೂ ಫೀಸು ನೇರ ಕಾಲೇಜಿಗೇ ಹೋಗುತ್ತದೆ. ಬಂದವರು ಅವತ್ತು ಅವರ ಮನೆಯಲ್ಲಿ ಊಟ ಮಾಡಿಕೊಂಡು ಹೋಗಬೇಕು, ಅದು ಅವರ ಹೆಂಡತಿ ಪದ್ಮ ಅವರ ಕಟ್ಟಳೆ.

ಊಟವಾದ ಮೇಲೆ ಚಿಕ್ಕಸ್ವಾಮಿ, ಇದನ್ನು ಹ್ಯಾಗೆ ತಿರುಗಿಸುವುದು ಸ್ವಾಮಿ ಎಂದು ಕೇಳಿದ್ದ. ಜಯರಾಮಯ್ಯ ನಕ್ಕಿದ್ದರು.

"ನಿಮ್ಮ ಕಡೆ ಮುಯ್ಯಾಳು ಅಂತೀರಲ್ಲ, ಹಾಗೇ ಅಂದುಕೊಳ್ಳಿ. ಆದರೆ ತಿರುಗಿ ನನ್ನ ಗದ್ದೆಗೆ ಬರಬೇಡಿ, ಪಕ್ಕದವರ ಗದ್ದೆಗೆ ಹೋಗಿ. ನಿಮ್ಮೂರಲ್ಲಿ ಇಂಥದೇ ಇನ್ನೊಂದು ಮಗು ಇದ್ದರೆ ಕೈಹಿಡಿದು ಈ ಹೊಸಿಲವರೆಗೆ ಕರೆದುಕೊಂಡು ಬನ್ನಿ. ನಾವು ಎಲ್ಲೂ ಬೋರ್ಡು ಹಾಕಿಲ್ಲ. ಹೀಗೆ ಬಂದವರೇ ಎಲ್ಲ."

ಚಿಕ್ಕಸ್ವಾಮಿ ಹೊಸಿಲ ಮೇಲೆ ನಿಂತು ಆಗಲಿ ಎಂದು ಮಾತು ಕೊಟ್ಟ. ಸಂಜೆ ಊರಿನ ಟೀ ಅಂಗಡಿಯ ಮುಂದೆ ಬಸ್ಸಿಳಿದಾಗ, ಅಲ್ಲಿ ಕೂತವರು ಫೀಸು ಹ್ಯಾಗೆ ಹೊಂದಿಸಿದೆ ಎಂದು ಕೇಳಿದರು. ಬಾಯಿಗೆ ಬಂದದ್ದು ಜಯರಾಮಯ್ಯನವರ ಹೆಸರಲ್ಲ.

"ಪಾಂಡವಪುರದಲ್ಲಿ ಒಂದು ಸೈಟಿತ್ತಲ್ಲ, ಮಾರ್ಬುಟ್ಟೆ," ಎಂದ.

ಅಂಥ ಸೈಟೇ ಇರಲಿಲ್ಲ. ಆದರೆ ದೊಡ್ಡಮನೆಯವನಿಗೆ ಪಾಂಡವಪುರದಲ್ಲಿ ಒಂದು ಸೈಟಿರುವುದು ಯಾರಿಗೂ ಆಶ್ಚರ್ಯವೆನಿಸಲಿಲ್ಲ. ಮಗಳ ಓದಿಗೆ ಸೈಟು ಮಾರಿದವನು ಎಂದು ಮರುದಿನದಿಂದ ಅವನಿಗೆ ಬೆಂಚಿನಲ್ಲಿ ಒಂದು ಕೈ ಹೆಚ್ಚು ಜಾಗ ಬಿಡತೊಡಗಿದರು. ಆ ಸೈಟು ಜನರ ಬಾಯಲ್ಲಿ ಬೆಳೆಯಿತು. ಒಬ್ಬರು ಅದನ್ನು ಸಕ್ಕರೆ ಕಾರ್ಖಾನೆ ರಸ್ತೆಯಲ್ಲಿಟ್ಟರು, ಇನ್ನೊಬ್ಬರು ಮೂಲೆ ಸೈಟು ಮಾಡಿದರು. ಮನೆಯಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ. ಹೆಂಡತಿ ಪ್ರಮೀಳಾ ಆ ಮಾತು ಬಂದಾಗ ಒಳಗೆ ಹೋಗಿಬಿಡುತ್ತಿದ್ದಳು. ಮಗಳಿಗೆ, ಯಾರಾದರೂ ಕೇಳಿದರೆ ಅಪ್ಪ ನೋಡಿಕೊಳ್ಳುತ್ತಾರೆ ಎಂದಷ್ಟೇ ಹೇಳು ಎಂದು ಅಪ್ಪನೇ ಹೇಳಿಕೊಟ್ಟಿದ್ದ. ಮೊದಲ ಸುಗ್ಗಿಯಲ್ಲಿ ಜಯರಾಮಯ್ಯನವರ ಮನೆಗೆ ಅಕ್ಕಿಮೂಟೆ, ಬೆಲ್ಲ, ತುಪ್ಪ ಕಳಿಸಿದ. ಪದ್ಮ ಅವರು ಒಂದು ಅಚ್ಚು ಬೆಲ್ಲ ಇಟ್ಟುಕೊಂಡು ಮಿಕ್ಕದ್ದನ್ನು ಅದೇ ಗಾಡಿಯಲ್ಲಿ ವಾಪಸು ಕಳಿಸಿದರು. ವಾಪಸು ಬಂದ ಮೂಟೆಯನ್ನು ಇಳಿಸಿಕೊಳ್ಳುವಾಗ ಅವನಿಗೆ ಯಾರೋ ಕೆನ್ನೆಗೆ ಹೊಡೆದಂತಾಗಿತ್ತು.

ಅವತ್ತು ಕ್ಯಾನು ತೊಳೆದು ಏಳುವಷ್ಟರಲ್ಲಿ ಹೊನ್ನಪ್ಪ ಬಂದ. ಹೊನ್ನಪ್ಪ ಕೆಳಗಿನ ಬೀದಿಯವನು, ಲಗೇಜು ಆಟೋ ಓಡಿಸುತ್ತಾನೆ, ಅಂಗೈಯಗಲ ಗದ್ದೆ ಇದೆ. ಅವನ ಮಗಳು ರಮ್ಯ ತನುಶ್ರೀಯ ಹಳೆಯ ಪುಸ್ತಕಗಳನ್ನೇ ಓದಿ ಬೆಳೆದವಳು. ಅವಳಿಗೂ ಈ ವರ್ಷ ಸೀಟು ಸಿಕ್ಕಿತ್ತು, ಮಂಡ್ಯ ಸೀಮೆಯದೇ ಇನ್ನೊಂದು ಕಾಲೇಜಿನಲ್ಲಿ. ಬ್ಯಾಂಕಿನವರು ಸಾಲಕ್ಕೆ ಎಂತೆಂಥದೋ ಆಧಾರ ಕೇಳುತ್ತಿದ್ದಾರೆಂದೂ ಅದು ಸಮಯಕ್ಕೆ ಆಗುವ ಕೆಲಸವಲ್ಲವೆಂದೂ ಹೊನ್ನಪ್ಪ ಹೇಳಿದ. ನಾಡಿದ್ದು ಸಂಜೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ.

"ಅಣ್ಣ, ನಿನ್ ಸೈಟು ಕೊಂಡ್ಕಂಡೋರು ಯಾರು? ನನ್ ಗದ್ದೇನೂ ಅವ್ರೇ ತಗತಾರಾ ಕೇಳ್ನೋಡ್ವ ಅಂತ."

ಚಿಕ್ಕಸ್ವಾಮಿಯ ನಾಲಗೆಯ ತುದಿಗೆ ಶ್ರೀರಂಗಪಟ್ಟಣ ಬಂದಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಇಬ್ಬರು ನಿಂತು ನಮಸ್ಕಾರ ಹಾಕಿದರು.

"ಚಲುವಯ್ಯ ಅಂತ ಒಬ್ಬ ಬ್ರೋಕರು," ಎಂದ ಚಿಕ್ಕಸ್ವಾಮಿ. "ಕಾರ್ಖಾನೆ ರೋಡಲ್ಲಿ ಇರ್ತಾನೆ. ಈಗ ಅಲ್ಲೇ ಅವ್ನೋ, ಎಲ್ಗಾರ ವೋದ್ನೋ."

ಹೊನ್ನಪ್ಪ ಕೈಮುಗಿದು ಹೋದ. ಬೈರಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಮಗನ ಮುಂದೆಯೇ ಹಾದು ಒಳಗೆ ಹೋದಳು.

ಮರುದಿನ ಇಳಿಹೊತ್ತಿನಲ್ಲಿ ಹೊನ್ನಪ್ಪ ಮಗಳನ್ನು ಕರೆದುಕೊಂಡು ಮತ್ತೆ ಬಂದ. ಹಿಂದಿನ ದಿನ ಬಿಸಿಲು ನೆತ್ತಿಗೇರಿದಾಗಿನಿಂದ ಕತ್ತಲಾಗುವವರೆಗೆ ಪಾಂಡವಪುರದಲ್ಲಿ ಅಲೆದಿದ್ದನಂತೆ. ಕಾರ್ಖಾನೆ ರಸ್ತೆಯ ಅಂಗಡಿ ಅಂಗಡಿಯಲ್ಲೂ ಕೇಳಿ, ಕುಂತಿಬೆಟ್ಟದ ತಪ್ಪಲಿನ ಹೊಸ ಬಡಾವಣೆಗಳನ್ನೂ ಸುತ್ತಿ ಬಂದಿದ್ದ. ಚಲುವಯ್ಯ ಎಂಬ ಬ್ರೋಕರನ್ನು ಕಂಡವರೇ ಇಲ್ಲ. ಇದನ್ನು ಹೇಳುವಾಗ ಹೊನ್ನಪ್ಪನ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ನನಗೇ ಸರಿಯಾಗಿ ಹುಡುಕಲು ಬರಲಿಲ್ಲ ಅಣ್ಣ ಎಂದು ತನ್ನನ್ನೇ ಬೈದುಕೊಂಡ. ಕೆ.ಆರ್.ಪೇಟೆಯಲ್ಲಿ ಬಿಎಸ್ಸಿಗೆ ಸೇರಿಸಿದರಾಯಿತು, ಅದೂ ಓದೇ ಅಲ್ಲವೇ ಎಂದು ನಕ್ಕ.

ರಮ್ಯ ಒಗೆದು ಒಣಗಿಸಿದ ಒಂದು ಸಿಮೆಂಟು ಚೀಲದಲ್ಲಿ ಪುಸ್ತಕಗಳನ್ನು ತಂದಿದ್ದಳು. ರಜಕ್ಕೆ ಬಂದಿದ್ದ ತನುಶ್ರೀಯ ಮುಂದೆ ಅದನ್ನು ಮೆಲ್ಲಗೆ ಇಳಿಸಿದಳು.

"ಅಕ್ಕ, ಪೆನ್ಸಿಲಲ್ಲಿ ಅಲ್ಲಲ್ಲಿ ಬರ್ಕೊಂಡಿದ್ದೆ. ಎಲ್ಲಾ ಅಳಿಸಿದೀನಿ. ಬೇರೆಯೋರ್ಗೆ ಕೊಡ್ಬೋದು."

ಅವರು ಹೋದ ಮೇಲೆ ತನುಶ್ರೀ ಒಂದು ಪುಸ್ತಕ ತೆಗೆದಳು. ಅಳಿಸಿದ ಅಕ್ಷರಗಳ ಗೀರು ಹಾಳೆಯಲ್ಲಿ ಇನ್ನೂ ಇತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ, ಇಬ್ಬನಿ ಆರಿದ ಮೇಲೂ ಜೇಡರ ಬಲೆ ಕಾಣುವ ಹಾಗೆ, ಪ್ರತಿ ಚಿತ್ರದ ಪಕ್ಕದಲ್ಲೂ ಒಂದೊಂದು ಪುಟ್ಟ ಪ್ರಶ್ನೆ ಕಾಣುತ್ತಿತ್ತು. ಹೃದಯದ ಚಿತ್ರದ ಕೆಳಗೆ, ಹೆದರಿದಾಗ ಇದು ಯಾಕೆ ಜೋರಾಗಿ ಬಡಿಯುತ್ತದೆ, ತನುಅಕ್ಕನನ್ನು ಕೇಳಬೇಕು ಎಂದಿತ್ತು.

ತನುಶ್ರೀ ಪುಸ್ತಕವನ್ನು ತೆರೆದಂತೆಯೇ ಹಿಡಿದುಕೊಂಡು ಕೊಟ್ಟಿಗೆಗೆ ಹೋದಳು. ಅಪ್ಪ ಹಾಲು ಕರೆಯುತ್ತಿದ್ದ. ಹೋದ ತಿಂಗಳು ರಮ್ಯ ಫೋನು ಮಾಡಿ ಫೀಸಿನ ದಾರಿ ಕೇಳಿದ್ದಳೆಂದೂ, ಅಪ್ಪ ಕಲಿಸಿಕೊಟ್ಟ ಮಾತನ್ನೇ ತಾನು ಹೇಳಿದೆನೆಂದೂ ಹೇಳಿದಳು. ಹೇಳುತ್ತಾ ಅಳು ಬಂತು. ಚಿಕ್ಕಸ್ವಾಮಿ ತಲೆಯೆತ್ತಲಿಲ್ಲ. ದೊಡ್ಡಮನೆಯವರು ಕೈಚಾಚಿದರು ಎಂದು ಊರು ಆಡಿಕೊಂಡರೆ ನಿನ್ನಜ್ಜನ ಹೆಸರು ಏನಾಗಬೇಕು, ನಮ್ಮ ಮನೆಯಿಂದ ಹೊರಗೆ ಹೋದದ್ದೇ ಹೊರತು ಒಳಗೆ ಬಂದದ್ದಿಲ್ಲ ಎಂದು ಹಸುವಿನ ಹೊಟ್ಟೆಗೆ ಹಣೆಯೂರಿಕೊಂಡೇ ಹೇಳಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಪ್ಪ ಊರಿಗೆಲ್ಲ ಬಿತ್ತನೆ ಭತ್ತ ಕೊಡುತ್ತಿದ್ದವನು, ಕೊಟ್ಟದ್ದನ್ನು ಯಾರಿಗೂ ನೆನಪಿಸದವನು.

"ಅಪ್ಪ," ಎಂದಳು ತನುಶ್ರೀ, "ನಾನು ಕಾಲೇಜಲ್ಲಿ ಕಲಿತಿರೋದೆಲ್ಲ ಯಾರೋ ಕೊಟ್ಟಿದ್ದು. ಅದನ್ನ ನಮ್ಮದು ಅಂತ ಹೇಳ್ಕೊಂಡು ನಾನು ಯಾರ ನಾಡಿ ಹಿಡೀಲಿ?"

ಹಾಲು ತಂಬಿಗೆಗೆ ಬೀಳುವ ಸದ್ದು ಮಾತ್ರ ಬಹಳ ಹೊತ್ತು ಕೇಳಿಸಿತು.

ಮಾರನೆಯ ದಿನ ಚಿಕ್ಕಸ್ವಾಮಿಯ ಗದ್ದೆಯ ನಾಟಿ. ಫೀಸು ಕಟ್ಟಲು ಕಡೆಯ ದಿನವೂ ಅದೇ. ಹೊನ್ನಪ್ಪ ಬರುವುದಿಲ್ಲ ಎಂದುಕೊಂಡಿದ್ದರೆ ಬೆಳಗಾಗುತ್ತಲೇ ಹೆಂಡತಿ ಮಗಳ ಸಮೇತ ಬದುವಿನ ಮೇಲೆ ಬಂದು ನಿಂತಿದ್ದ. ಹೋದ ವಾರ ಅವನ ಗದ್ದೆಗೆ ದೊಡ್ಡಮನೆಯವರು ಬಂದು ನೆಟ್ಟು ಹೋಗಿದ್ದರು, ಮುಯ್ಯಾಳು ತಿರುಗಿಸಬೇಕಲ್ಲ. ಅವನು ಸಸಿ ಬೆಳೆಸಿದ ಒಟ್ಲಿನಿಂದ ಪೈರಿನ ಕಂತೆ ಹೊತ್ತು ತಂದು ಎಸೆಯತೊಡಗಿದ. ರಮ್ಯ ಲಂಗ ಎತ್ತಿ ಕಟ್ಟಿ ಹೆಂಗಸರ ಸಾಲಿಗೆ ಸೇರಿ ಕೆಸರಿಗಿಳಿದಳು. ಸಾಲಿನ ಮುಂದಾಳು ಅಣ್ಣಮ್ಮ, ವಯಸ್ಸಾದವಳು, ಬಾಯಿ ಸುಮ್ಮನಿರದವಳು.

"ಡಾಕ್ಟ್ರಮ್ಮ ಆಗೋಳು ಪೈರು ನೆಡ್ತಾವ್ಳೆ. ಇನ್ನು ಈ ಗದ್ದೆಗೆ ರೋಗ ಬರಾಕಿಲ್ಲ ಬುಡು," ಎಂದಳು ಅಣ್ಣಮ್ಮ.

ಹೆಂಗಸರೆಲ್ಲ ನಕ್ಕರು. ರಮ್ಯಳೂ ನಕ್ಕಳು. ಬಗ್ಗಿದ ಬೆನ್ನು ಎತ್ತದೆ, ಮುಖ ತೋರಿಸದೆ ನಕ್ಕಳು. ಕಂತೆ ಹಿಡಿದು ಬದುವಿನ ಮೇಲೆ ನಿಂತಿದ್ದ ಚಿಕ್ಕಸ್ವಾಮಿಗೆ ಆ ನಗು ಕೇಳಿಸಿತು. ತನ್ನ ಗದ್ದೆಯ ಕೆಸರಿನಲ್ಲಿ ಅವಳ ಬೆರಳುಗಳು ಒಂದೊಂದೇ ಪೈರನ್ನು ಇಳಿಸುತ್ತಿದ್ದುದು ಕಾಣಿಸಿತು. ನಿನ್ನೆ ಅವೇ ಬೆರಳು ಪುಸ್ತಕದ ಪ್ರಶ್ನೆಗಳನ್ನು ಒಂದೊಂದಾಗಿ ಅಳಿಸಿದ್ದವು. ಅವನು ಕೈಯಲ್ಲಿದ್ದ ಕಂತೆಯನ್ನು ಕೆಳಗಿಟ್ಟ.

"ಹೊನ್ನಪ್ಪ, ಆ ಸೈಟು ಇರ್ಲಿಲ್ಲ ಕಣ್ಲಾ."

ಹೊನ್ನಪ್ಪನಿಗೆ ಅರ್ಥವಾಗಲಿಲ್ಲ. ಮಾರಿದ ಮೇಲೆ ಎಲ್ಲಿರುತ್ತದೆ ಅಣ್ಣ ಎಂದ.

"ಮಾರೂ ಇಲ್ಲ, ಇರ್ಲೂ ಇಲ್ಲ. ಚಲುವಯ್ಯ ಅನ್ನೋನೂ ಇಲ್ಲ, ನಾನೇ ಉಟ್ಸಿದ್ದು ಅವ್ನ. ತನು ಓದ್ತಿರೋದು ಸ್ಕಾಲರ್‌ಶಿಪ್ಪಲ್ಲಿ. ಶ್ರೀರಂಗಪಟ್ಣದ ಮೇಷ್ಟ್ರೊಬ್ರು ಕೊಡ್ಸಿದ್ದು. ನಿನ್ ಮಗಳಂಗಿರೋ ಮಕ್ಳಿಗೇ ಕೊಡೋದು ಅದು."

ಸಾಲಿನಲ್ಲಿ ಒಬ್ಬೊಬ್ಬರದೇ ಕೈ ನಿಂತಿತು. ಬಗ್ಗಿದ್ದವರು ನೆಟ್ಟಗಾದರು. ನಾಲೆಯ ನೀರು ತೂಬಿನಲ್ಲಿ ಗುಳುಗುಳು ಎನ್ನುವುದು ಕೇಳಿಸುತ್ತಿತ್ತು.

"ಮೊನ್ನೆ ಮನೆ ಬಾಗ್ಲಿಗೆ ಬಂದು ಕೇಳ್ದಾಗ ಇದ ಹೇಳಕೆ ಏನಾಗಿತ್ತಣ್ಣ ನಿಂಗೆ?"

"ನಾಚ್ಕೆ ಆಗಿತ್ತು ಕಣ್ಲಾ."

ಹೊನ್ನಪ್ಪ ತಲೆಯ ಮೇಲಿದ್ದ ಸಿಂಬಿ ತೆಗೆದು ಅದರಿಂದ ಮುಖ ಒರೆಸಿಕೊಂಡ. "ನಿಂಗೆ ನಾಚ್ಕೆ ಆಯ್ತು," ಎಂದ. "ನನ್ ಕೂಸು ಪುಸ್ತಕ ಕಟ್ಟಿಟ್ಬುಟ್ಲು."

ಈಗಲೂ ಹೊತ್ತಿದೆ, ಹೊರಡು ಎಂದು ಚಿಕ್ಕಸ್ವಾಮಿ ಬೇಡಿಕೊಂಡ. ಹೊನ್ನಪ್ಪ ಮತ್ತೊಂದು ಕಂತೆ ಎತ್ತಿಕೊಂಡ. "ನೀ ತೋರ್ಸಿದ ದಾರೀಲಿ ಒಂದ್ಸಲ ವೋಗಿ ಬಂದೀವ್ನಿ, ಬುಡಣ್ಣ. ಮುಯ್ಯಾಳು ತೀರಿಸ್ಬುಟ್ಟು ಮನೆಗೋಗ್ತೀನಿ."

ಆಗ ಮಾತಾಡಿದವಳು ಅಣ್ಣಮ್ಮ. "ಲೇ ಹೊನ್ನಪ್ಪ, ಕ್ವಾಪ ನಾಳೆಕೂ ಇರ್ತದೆ, ಅದೇನು ಓಡೋಗಲ್ಲ. ಸೀಟು ಸಂಜೆಗೆ ಓಯ್ತದೆ. ಇವ್ನ ಬಯ್ಯದ ನಮ್ಗೆ ಬುಡು, ನಾವು ನೆಡ್ತಾ ನೆಡ್ತಾ ಬೈತೀವಿ."

ಅಷ್ಟರಲ್ಲಿ ರಮ್ಯ ಕೆಸರಿನಿಂದ ಮೇಲೆ ಬಂದು ನಾಲೆಯಲ್ಲಿ ಕಾಲು ತೊಳೆಯುತ್ತಿದ್ದಳು. ತೊಳೆದು ಬಂದು, ಅಪ್ಪನ ಕೈಯ ಕಂತೆಯನ್ನು ಇಸಿದುಕೊಂಡು ಬದುವಿನ ಮೇಲಿಟ್ಟಳು. ಹೋಗೋಣ ಅಪ್ಪ ಎಂದಳು. ಅಷ್ಟೇ.

ಲಗೇಜು ಆಟೋದ ಮುಂದೆ ಹೊನ್ನಪ್ಪ, ಅವನ ಪಕ್ಕದಲ್ಲಿ ಒತ್ತಿಕೊಂಡು ಚಿಕ್ಕಸ್ವಾಮಿ. ಹಿಂದೆ ಕಂಬಿ ಹಿಡಿದು ನಿಂತ ರಮ್ಯ, ದಾರಿಯಲ್ಲಿ ಮನೆಯ ಹತ್ತಿರ ಹತ್ತಿಕೊಂಡ ತನುಶ್ರೀ. ಬೂಕನಕೆರೆ ಹಿಂದೆ ಬಿತ್ತು. ಮುಂದೆ ಕೂತ ಇಬ್ಬರ ಮೊಣಕಾಲಿನ ಕೆಸರೂ ಗಾಳಿಗೆ ಒಣಗಿ ಬಿಳಿಚುತ್ತಿತ್ತು. ಶ್ರೀರಂಗಪಟ್ಟಣಕ್ಕೆ ಪಾಂಡವಪುರದ ಮೇಲೆಯೇ ಹೋಗಬೇಕು. ಕುಂತಿಬೆಟ್ಟದ ಜೋಡಿ ಕೋಡುಗಳು ಕಾಣತೊಡಗಿದಾಗ ಚಿಕ್ಕಸ್ವಾಮಿ ತಲೆ ತಗ್ಗಿಸಿದ. ಕಾರ್ಖಾನೆ ರಸ್ತೆಯ ತಿರುವು ಬಂದಲ್ಲಿ ಹೊನ್ನಪ್ಪ ಬೇಕೆಂದೇ ಗಾಡಿ ನಿಧಾನ ಮಾಡಿದ.

"ಇಲ್ಲೇ ಅಲ್ವಣ್ಣ ನಿನ್ ಸೈಟು? ಮೂಲೆ ಸೈಟಂತೆ. ಒಸಿ ಇಳ್ದು ನೋಡ್ಕಂಡ್ ಬತ್ತೀಯಾ?"

ಚಿಕ್ಕಸ್ವಾಮಿ ತಲೆಯೆತ್ತಿ ಹೊರಗೆ ನೋಡಿದ. ರಸ್ತೆಯ ಪಕ್ಕದ ಖಾಲಿ ಜಾಗದಲ್ಲಿ ಎರಡು ಮೇಕೆ ಮೇಯುತ್ತಿದ್ದವು. ಆ ಉರಿಬಿಸಿಲಿನಲ್ಲಿ ಹೊನ್ನಪ್ಪ ಅಂಗಡಿ ಅಂಗಡಿಗೆ ಹತ್ತಿಳಿಯುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ಗಾಡಿ ಮುಂದಕ್ಕೆ ಹೋಯಿತು. ಸ್ವಲ್ಪ ದೂರ ಹೋದ ಮೇಲೆ ಹೊನ್ನಪ್ಪ ಮತ್ತೆ ಬಾಯಿ ತೆರೆದ. ಈ ಸಲ ದನಿಯಲ್ಲಿ ಕುಟುಕು ಇರಲಿಲ್ಲ.

"ಹೋದ್ವರ್ಷ ನಮ್ ಬೀದಿ ಅಶೋಕ್‌ಗೂ ಸೀಟಾಗಿತ್ತು. ಅವ್ರಪ್ಪನೂ ಬಂದಿದ್ರಾ ನಿನ್ತಾವ?"

ಅಶೋಕ್ ಈಗ ಕೆ.ಆರ್.ಪೇಟೆಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಎಣಿಸಿ ಕೊಡುತ್ತಾನೆ. ಅವ್ವನ ಬಿಪಿ ಮಾತ್ರೆಗೆ ಹೋದಾಗಲೆಲ್ಲ ಚಿಕ್ಕಸ್ವಾಮಿಗೆ, ಬನ್ನಿ ದೊಡ್ಡಪ್ಪ ಎಂದು ಸ್ಟೂಲು ಎಳೆದು ಹಾಕುತ್ತಾನೆ.

"ಬಂದಿದ್ರು," ಎಂದ ಚಿಕ್ಕಸ್ವಾಮಿ. "ಅವ್ರಿಗೂ ಸೈಟಿನ ಕತೇನೇ ಹೇಳ್ದೆ."

ಹೊನ್ನಪ್ಪ ಅವನ ಕಡೆ ತಿರುಗಿ ನೋಡಿ, ಮತ್ತೆ ರಸ್ತೆಯ ಕಡೆ ನೋಡಿದ. ದೂರದಲ್ಲಿ ಕರಿಘಟ್ಟ ಕಾಣಿಸಿಕೊಳ್ಳುವವರೆಗೆ ಎಂಜಿನ್ನಿನ ಸದ್ದೊಂದೇ ಇತ್ತು.

ಜಯರಾಮಯ್ಯನವರ ಮನೆ ದೇವಸ್ಥಾನದ ಹಿಂದಿನ ಓಣಿಯಲ್ಲಿ, ಹೊಳೆಯ ಗಾಳಿ ಬರುವ ಕಡೆ. ಗಾಡಿ ನಿಂತಾಗ ಪದ್ಮ ಅವರು ಪಡಸಾಲೆಯಲ್ಲಿ ಬಾಳೆಲೆ ಒರೆಸುತ್ತಿದ್ದರು. ಜಯರಾಮಯ್ಯ ಕನ್ನಡಕ ಸರಿಮಾಡಿಕೊಂಡು ಎದ್ದು ಬಂದರು. ಚಿಕ್ಕಸ್ವಾಮಿ ಮೆಟ್ಟಿಲ ಕೆಳಗೆಯೇ ನಿಂತ. ಎರಡು ವರ್ಷ ಈ ಮಾತನ್ನು ಎಷ್ಟು ಬಗೆಯಲ್ಲಿ ಹೇಳಬಹುದೆಂದು ಯೋಚಿಸಿಟ್ಟಿದ್ದನೋ, ಅದರಲ್ಲಿ ಒಂದೂ ಈಗ ನೆನಪಾಗಲಿಲ್ಲ. ಊರಲ್ಲಿ ಸೈಟು ಮಾರಿದೆ ಎಂದು ಹೇಳಿಕೊಂಡಿದ್ದೆ, ನಿಮ್ಮ ಹೆಸರು ಎತ್ತಲಿಲ್ಲ, ನನ್ನಿಂದ ಒಬ್ಬ ಹುಡುಗನ ಓದು ತಪ್ಪಿಹೋಯಿತು ಎಂದು ನೆಲ ನೋಡುತ್ತಾ ಹೇಳಿದ.

ಮುದುಕರು ಸಮಾಧಾನದ ಮಾತು ಆಡಲಿಲ್ಲ. ಅದನ್ನು ಆಡದೆ ಇದ್ದದ್ದಕ್ಕೆ ಚಿಕ್ಕಸ್ವಾಮಿಗೆ ಒಳಗೊಳಗೇ ಅವರ ಮೇಲೆ ಗೌರವ ಹೆಚ್ಚಿತು.

"ಹೋದ ವರ್ಷವೂ ನಿಮ್ಮೂರ ಕಡೆಯಿಂದ ಯಾರಾದರೂ ಬರುತ್ತಾರೆ ಅಂತ ಒಂದು ಜಾಗ ಹಿಡಿದಿಟ್ಟಿದ್ದೆವು," ಎಂದರು. "ಕಡೆಯ ದಿನ ಮಧ್ಯಾಹ್ನದವರೆಗೂ ಇವಳು ಒಂದು ಎಲೆ ಹೆಚ್ಚಿಗೆ ಹಾಕಿಕೊಂಡು ಕಾದಳು. ಆಮೇಲೆ ಬೇರೆಯವರಿಗೆ ಕೊಟ್ಟೆವು. ಇವತ್ತೂ ಹಾಕಿದಾಳೆ. ಎಲ್ಲಿ ಮಗು?"

ರಮ್ಯ ಮುಂದೆ ಬಂದಳು. ಹೊನ್ನಪ್ಪ ಮಾತ್ರ ಗಾಡಿಯಿಂದ ಇಳಿಯಲಿಲ್ಲ. ಕಾಲೆಲ್ಲ ಕೆಸರು, ನಾನು ಇಲ್ಲೇ ಗಾಡಿ ಕಾಯುತ್ತೇನೆ, ನೀವು ಮಾತಾಡಿಕೊಂಡು ಬನ್ನಿ ಎಂದ. ಸ್ಟೇರಿಂಗಿನ ಮೇಲೆ ಇಟ್ಟ ಕೈಯನ್ನು ತೆಗೆಯಲೂ ಇಲ್ಲ. ಬೇರೆಯವರ ಮನೆಯ ಹೊಸಿಲ ಮುಂದೆ ಅವನ ಮುಖ ಬಿಗಿದುಕೊಂಡ ರೀತಿಯನ್ನು ಚಿಕ್ಕಸ್ವಾಮಿ ಬಲ್ಲ. ಎರಡು ವರ್ಷದ ಹಿಂದೆ ಇದೇ ಓಣಿಯಲ್ಲಿ ಅವನ ಮುಖವೂ ಹಾಗೆಯೇ ಬಿಗಿದಿತ್ತು. ಅವತ್ತು ಅವನನ್ನು ಒಳಗೆ ತಳ್ಳಿದವಳು ಮಗಳು.

ಅವನು ಹಿಂತಿರುಗಿ ಗಾಡಿಯ ಹತ್ತಿರ ಬಂದ. "ಬಾ ಕಣ್ಲಾ," ಎಂದ. "ಕೈ ಹಿಡ್ದು ಕರ್ಕಂಬತ್ತೀನಿ ಅಂತ ಮಾತು ಕೊಟ್ಟಿದ್ದೆ. ಕೈ ಕೊಡು."

"ನಂಗೂ ನಾಚ್ಕೆ ಆಯ್ತದೆ ಕಣಣ್ಣ," ಎಂದ ಹೊನ್ನಪ್ಪ, ತೀರ ಮೆಲ್ಲಗೆ.

"ಆಗ್ಲಿ. ಆದ್ರೂ ಬಾ."

ಒಣಗಿದ ಕೆಸರಿನ ಕೈಯನ್ನು ಒಣಗಿದ ಕೆಸರಿನ ಕೈ ಹಿಡಿಯಿತು. ಪದ್ಮ ಅವರು ಬಾಗಿಲ ಪಕ್ಕಕ್ಕೆ ಸರಿದು, ಕಾಲಿಗೆ ಒಂದು ತಂಬಿಗೆ ನೀರು ಕೊಟ್ಟರು. ಇಬ್ಬರೂ ಒಟ್ಟಿಗೇ ಹೊಸಿಲು ದಾಟಿದರು.

ಜಯರಾಮಯ್ಯ ರಮ್ಯಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದರು. ಯಾವ ಪಾಠ ಇಷ್ಟ, ಯಾವುದು ಕಷ್ಟ ಎಂದು ಕೇಳಿದರು. ಡಾಕ್ಟರಾಗಿ ಏನು ಮಾಡುತ್ತೀ ಎಂದು ಮಾತ್ರ ಕೇಳಲಿಲ್ಲ. ಅದನ್ನು ಆಮೇಲೆ ನೀನೇ ಕಂಡುಕೊಳ್ಳುತ್ತೀ ಎಂದರು. ಅವಳ ಕಾಲೇಜಿನ ಪ್ರಿನ್ಸಿಪಾಲರಿಗೆ ಒಂದು ಫೋನು ಹೋಯಿತು, ನಿಧಿಯ ಇನ್ನಿಬ್ಬರು ಡಾಕ್ಟರಿಗೆ ಒಂದೊಂದು. ಆ ಹೊತ್ತೆಲ್ಲ ಹೊನ್ನಪ್ಪ ಕುರ್ಚಿಯ ತುದಿಯಲ್ಲಿ ಕೂತು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ. ಬಿಸಿಲು ಪಡಸಾಲೆಯಿಂದ ಅಂಗಳಕ್ಕೆ ಇಳಿಯುವ ಹೊತ್ತಿಗೆ ರಮ್ಯಳ ಮೊಬೈಲು ಸಣ್ಣಗೆ ಸದ್ದು ಮಾಡಿತು. ಫೀಸು ಸೇರಿದೆ, ಸೀಟು ಖಚಿತ ಎಂದು ಕಾಲೇಜಿನಿಂದ ಸಂದೇಶ. ಅವಳು ಅದನ್ನು ಓದಿದಳು, ತನುಶ್ರೀಯ ಕೈಗೆ ಕೊಟ್ಟಳು. ತನುಶ್ರೀ ಗಟ್ಟಿಯಾಗಿ ಓದಿ ಹೇಳಿದಳು. ಆಮೇಲೆ ರಮ್ಯಳ ಕಿವಿಯಲ್ಲಿ, ಆ ಪುಸ್ತಕಗಳನ್ನು ನಾಳೆಯೇ ಬಂದು ತೆಗೆದುಕೊಂಡು ಹೋಗು, ನಿನ್ನ ಪ್ರಶ್ನೆಗಳನ್ನೆಲ್ಲ ಮತ್ತೆ ಬರೆದುಕೋ ಎಂದಳು.

ಹೊನ್ನಪ್ಪ ಇದನ್ನು ಹ್ಯಾಗೆ ತಿರುಗಿಸುವುದು ಸ್ವಾಮಿ ಎಂದು ಕೇಳಿದ. ಜಯರಾಮಯ್ಯ ಅದೇ ಮಾತನ್ನು ಅವನಿಗೂ ಹೇಳಿದರು. ಹೊನ್ನಪ್ಪ ಚಿಕ್ಕಸ್ವಾಮಿಯ ಕಡೆ ಒಂದು ನೋಟ ಹಾಯಿಸಿದ.

"ಕರ್ಕಂಬತ್ತೀನಿ ಬುದ್ದಿ. ನನ್ತಾವ ಗಾಡಿ ಅದೆ. ಸೈಟೊಂದೇ ಇಲ್ದಿರದು."

ಪದ್ಮ ಅವರಿಗೆ ನಗು ತಡೆಯಲಾಗಲಿಲ್ಲ. ಎಲ್ಲರಿಗೂ ಎಲೆ ಹಾಕತೊಡಗಿದರು. ಚಿಕ್ಕಸ್ವಾಮಿ ನಗಲಿಲ್ಲ. ನಗುವ ಹಕ್ಕು ತನಗೆ ಇನ್ನೂ ಬಂದಿಲ್ಲವೆಂದು ಅವನಿಗೆ ಗೊತ್ತಿತ್ತು. ಊರಿಗೆ ಹೋದ ಮೇಲೆ ಅಶೋಕನ ಅಪ್ಪನ ಮನೆಯ ಬಾಗಿಲು ತಟ್ಟಬೇಕು. ಅಲ್ಲಿ ಯಾರೂ ಬಾಳೆಲೆ ಹಾಕಿಕೊಂಡು ಕಾಯುತ್ತಿರುವುದಿಲ್ಲ.

ಊಟಕ್ಕೆ ಕೂರುವ ಮೊದಲು ಅವನು ಅಂಗಳಕ್ಕೆ ಬಂದು ಮನೆಗೆ ಫೋನು ಮಾಡಿದ. ಪ್ರಮೀಳಾ ಎತ್ತಿದಳು, ಅವ್ವನಿಗೆ ಕೊಡು ಎಂದ. ಬೈರಮ್ಮ ಫೋನನ್ನು ಯಾವಾಗಲೂ ಕಿವಿಗೆ ತಲೆಕೆಳಗಾಗಿ ಹಿಡಿಯುವವಳು. ಯಾರೋ ಅದನ್ನು ಸರಿಮಾಡಿದ ಸದ್ದು ಕೇಳಿಸಿತು. ಹಿಂದೆ ರವೀಂದ್ರನ ಮಕ್ಕಳ ಗಲಾಟೆ.

"ಅವ್ವ," ಎಂದ ಚಿಕ್ಕಸ್ವಾಮಿ. "ಆ ಗೌಡ ಎದ್ದ ಕಣವ್ವ."

ಆ ಕಡೆಯಿಂದ ಫೋನು ಹಿಡಿದಿರುವುದನ್ನೇ ಮರೆತ ಬೈರಮ್ಮ ಮಕ್ಕಳನ್ನು ಕೂಗಿ ಕರೆಯುವುದು ಕೇಳಿಸಿತು.

"ಬನ್ರಪ್ಪ, ಇಲ್ಲಿ ಕುಂತ್ಕಳಿ. ಅವತ್ತು ಅರ್ಧಕ್ಕೆ ಬುಟ್ಟಿದ್ನಲ್ಲ, ಮಿಕ್ಕಿದ್ದ ಹೇಳ್ತೀನಿ."